ರಾಕ್ಷಸಿಯ ಸೆರಗಿನಿಂದ ಬಿದ್ದ ಊರು

ವೆನ್ ದ್ವೀಪ ಒಬ್ಬಳು ರಾಕ್ಷಸಿಯ ಸೆರಗಿನಿಂದ ಬಿದ್ದದ್ದು. ಹ್ವೆನಿಲ್ಡ್ ಅಂತ ಅವಳ ಹೆಸರು. ಡೆನ್ಮಾರ್ಕಿನ ಶೇಲಾಂಡ್ ನೆಲದ ಮೇಲೆ ಅವಳ ಕಣ್ಣು ಬಿತ್ತು. ಒಂದಿಷ್ಟು ಮಣ್ಣು ಬಾಚಿ ಮಡಿಲಿಗೆ ತುಂಬಿಕೊಂಡು, ಓರೆಸುಂಡ್ ಜಲಸಂಧಿ ದಾಟಿ ಆಚೆ ದಡದ ಸ್ಕೋನೆಗೆ ಒಯ್ಯುತ್ತಿದ್ದಾಗ ನಡುನೀರಿನಲ್ಲಿ ಸೊಂಟದ ಕಟ್ಟು ಕಿತ್ತುಹೋಯಿತು. ಬಿದ್ದ ಮಣ್ಣೇ ವೆನ್. ಭೂವಿಜ್ಞಾನಿಗಳನ್ನು ಕೇಳಿದರೆ, ಹಾಗೇನೂ ಇಲ್ಲ, ಹಿಮಯುಗದಲ್ಲಿ ಹಿಮನದಿಗಳು ಹೊತ್ತು ತಂದು ಬಿಟ್ಟುಹೋದ ಜೇಡಿ ಮತ್ತು ಮರಳು ಅನ್ನುತ್ತಾರೆ. ಎಲ್ಲಿಂದಲೋ ಯಾರೋ ತಂದು ಇಲ್ಲಿ ಬೀಳಿಸಿದರು ಅನ್ನುವ ಮಟ್ಟಿಗೆ ಎರಡು ಪಕ್ಷದವರೂ ಒಪ್ಪುತ್ತಾರೆ. ತಂದವರು ವಾಪಸು ಬಂದು ಎತ್ತಿಕೊಂಡು ಹೋಗಲಿಲ್ಲ, ಅದು ಊರಿನವರ ಪುಣ್ಯ.

ಊರು ಅಂದರೆ ಎಷ್ಟು ಮಹಾ! ಉದ್ದ ನಾಲ್ಕೂವರೆ ಕಿಲೋಮೀಟರು. ವಿಸ್ತೀರ್ಣ ಏಳೂವರೆ ಚದರ ಕಿಲೋಮೀಟರು. ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 45 ಮೀಟರು. ವರ್ಷವಿಡೀ ಇರುವ ಜನ ಮುನ್ನೂರೈವತ್ತರ ಆಸುಪಾಸು. ನಮ್ಮ ಕಡೆ ಒಂದು ಮದುವೆಗೆ ಇಷ್ಟು ಜನ ಬಂದರೆ ಹೆಣ್ಣಿನ ಕಡೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಸ್ವೀಡನ್ನಿನ ಲಾಂಡ್ಸ್‌ಕ್ರೂನಾದಿಂದ ಅರ್ಧ ಗಂಟೆಯ ದೋಣಿ ಪಯಣ. ಪಶ್ಚಿಮಕ್ಕೆ ತಿರುಗಿದರೆ ಡೆನ್ಮಾರ್ಕಿನ ದಡ ಕಾಣುತ್ತದೆ. ದೋಣಿಯಿಂದ ನೋಡಿದಾಗ ದ್ವೀಪ ಒಂದು ತಟ್ಟೆಯಲ್ಲಿ ಉಳಿದ ಮೈಸೂರು ಪಾಕಿನ ತುಂಡು: ಮೇಲೆ ಚಪ್ಪಟೆ, ಬದಿಗಳು ಕಡಿದಾಗಿ ಹಳದಿ, ಅಂಚಿನಲ್ಲಿ ಚೂರುಚೂರು ಉದುರುತ್ತಿದೆ. ಆ ಉದುರುವ ಅಂಚಿಗೆ ಬಾಕಾಫಾಲ್ ಎನ್ನುತ್ತಾರೆ. ಗಾಳಿ, ಮಳೆ, ಅಲೆ ಸೇರಿ ಒಂದಿಷ್ಟು ಒಂದಿಷ್ಟಾಗಿ ಕಡಲಿಗೆ ಇಳಿಸುತ್ತಲೇ ಇವೆ.

ನಾನು ಅಲ್ಲಿಗೆ ಹೋದದ್ದಕ್ಕೆ ಕಾರಣ ಪಿಯುಸಿ ಭೌತಶಾಸ್ತ್ರ. ಕಪ್ಪು ಹಲಗೆ ಬೆಳ್ಳಗಾಗುವಷ್ಟು ಕಾಲ ಕೆಪ್ಲರನ ಮೂರು ನಿಯಮ ಪಾಠ ಮಾಡಿದವನು ನಾನು. ಎರಡು ಮೊಳೆ, ಒಂದು ದಾರ, ಒಂದು ಸೀಮೆಸುಣ್ಣ ಹಿಡಿದು ದೀರ್ಘವೃತ್ತ ಎಳೆದು, "ಗ್ರಹಗಳು ಸುತ್ತುವುದು ಹೀಗೆ" ಎಂದು ತಿರುಗಿದಾಗ ಕೊನೆಯ ಬೆಂಚು ನಿದ್ದೆಯಲ್ಲಿರುತ್ತಿತ್ತು. ಕೆಪ್ಲರ್ ಆ ನಿಯಮಗಳಿಗೆ ಬಂದದ್ದು ಖಗೋಳಜ್ಞ ಟೈಕೋ ಬ್ರಾಹೆ ಬರೆದಿಟ್ಟ ಲೆಕ್ಕದಿಂದ. ಟೈಕೋ ಆ ಲೆಕ್ಕದ ಬಹುಪಾಲು ಬರೆದದ್ದು ವೆನ್‌ನಲ್ಲಿ. ನಿವೃತ್ತನಾಗಿ ಲುಂಡ್‌ನಲ್ಲಿರುವ ಮಗನ ಮನೆಗೆ ಬಂದ ಮೇಲೆ, ರೈಲು ಹತ್ತಿ ಹೋಗಬಹುದಾದಷ್ಟು ಹತ್ತಿರದಲ್ಲಿ ಅಂಥ ಜಾಗ ಇರುವಾಗ ಸುಮ್ಮನೆ ಕೂರಲಾಗುತ್ತದೆಯೇ? ನನ್ನ ಹೆಂಡತಿಗೆ ನಕ್ಷತ್ರಗಳ ಮೇಲೆ ಅಂಥ ಒಲವೇನಿಲ್ಲ. "ದೋಣಿ ಇದೆ ಅಂದ್ರಲ್ಲ, ಅದಕ್ಕೆ ಬರ್ತೀನಿ" ಎಂದಳು.

ಬೆಕ್‌ವೀಕೆನ್ ಬಂದರಿನಲ್ಲಿ ಇಳಿದರೆ ಮೊದಲು ಎದುರಾಗುವುದು ಏರು. ಅದನ್ನು ಹತ್ತಿದರೆ ಹಳದಿ ಬಣ್ಣದ ಸೈಕಲ್ಲುಗಳ ಸೈನ್ಯ. ವೆನ್‌ಗೆ ಬರುವವರೆಲ್ಲ ಸೈಕಲ್ಲು ಬಾಡಿಗೆಗೆ ಹಿಡಿಯುವುದು ಅಲ್ಲಿನ ಆಚಾರ. ಅವುಗಳಲ್ಲಿ ಇಬ್ಬರು ಒಟ್ಟಿಗೆ ತುಳಿಯುವ ಟ್ಯಾಂಡೆಮ್ ಸೈಕಲ್ಲೂ ಇವೆ. ನನ್ನವಳು ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ಲು ಮುಟ್ಟಿದವಳಲ್ಲ. ಹಾಗಾಗಿ ಟ್ಯಾಂಡೆಮ್ಮೇ ಗತಿ. ಚೂಡಿದಾರ, ಅದರ ಮೇಲೆ ಸ್ವೆಟರು, ಅದರ ಮೇಲೆ ಮಗನ ಜರ್ಕಿನ್ನು, ತಲೆಗೆ ಸ್ಕಾರ್ಫು; ಹೀಗೆ ಸಜ್ಜಾಗಿ ಅವಳು ಹಿಂದಿನ ಸೀಟು ಏರಿದಳು.

ದಾಂಪತ್ಯದ ಬಗ್ಗೆ ತಿಳಿಯಬೇಕಾದವರು ಟ್ಯಾಂಡೆಮ್ ಸೈಕಲ್ಲಿನ ರಚನೆಯನ್ನು ಅಭ್ಯಾಸ ಮಾಡಬೇಕು. ಹ್ಯಾಂಡಲ್ಲು, ಬ್ರೇಕು, ಗಂಟೆ ಎಲ್ಲ ಮುಂದಿನವನ ಕೈಯಲ್ಲಿ. ಹಿಂದಿನವರ ಪಾಲಿಗೆ ಬರೀ ತುಳಿತ. ಹಿಂದೆಯೂ ಒಂದು ಹ್ಯಾಂಡಲ್ಲು ಇರುತ್ತದೆ, ಆದರೆ ಅದು ಎತ್ತಲೂ ತಿರುಗುವುದಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕಲ್ಲ ಅಂತ ಇಟ್ಟಿದ್ದಾರೆ. ಇಬ್ಬರ ಪೆಡಲ್ಲಿಗೂ ಒಂದೇ ಚೈನು, ಆದ್ದರಿಂದ ಯಾರು ಎಷ್ಟು ತುಳಿಯುತ್ತಿದ್ದಾರೆ ಎಂದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಒಳಗಿನವರಿಗೆ ಮಾತ್ರ ಗೊತ್ತಾಗುತ್ತದೆ.

"ರೀ, ತುಳೀತಿದೀರಾ, ಇಲ್ಲಾ ಕಾಲು ಇಟ್ಕೊಂಡು ಕೂತಿದೀರಾ?"

"ತುಳೀತಿದೀನಲ್ಲೇ."

"ಮತ್ತೆ ನನಗ್ಯಾಕೆ ಇಷ್ಟು ಭಾರ ಬರ್ತಿದೆ?"

ಗಾಳಿ ಎದುರಿಗಿತ್ತು. ವೆನ್‌ನಲ್ಲಿ ಹೋಗುವಾಗಲೂ ಗಾಳಿ ಎದುರಿಗೆ, ಬರುವಾಗಲೂ ಎದುರಿಗೆ. ನ್ಯೂಟನ್ನನ ಯಾವ ನಿಯಮದಿಂದಲೂ ಇದನ್ನು ವಿವರಿಸಲಾಗದು.

ಏರು ಮುಗಿದ ಮೇಲೆ ದ್ವೀಪ ಸಮತಟ್ಟಾಗಿ ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆ ಹೊಲ, ಹೊಲದಂಚಿನಲ್ಲಿ ಕೆಂಪು ಗಸಗಸೆ ಹೂವು, ದೂರದಲ್ಲಿ ಒಂದೊಂದೇ ಮನೆ, ಎಲ್ಲಿ ನೋಡಿದರೂ ಕೊನೆಯಲ್ಲಿ ನೀಲಿ ನೀರು. ಹೆಂಡತಿ ಇಳಿಯಬೇಕೆಂದಳು. ದಾರಿಯಂಚಿನ ಹೊಲದಿಂದ ಒಂದು ತೆನೆ ಬಾಗಿಸಿ, ಕೀಳದೆ, ಬೆರಳಲ್ಲಿ ಒತ್ತಿ ನೋಡಿದಳು. "ಗೋಧಿ ಅಲ್ವಾ? ಮೀಸೆ ಎಷ್ಟು ಉದ್ದ ನೋಡಿ." ಆ ದ್ವೀಪದಲ್ಲಿ ಪಾಸ್ತಾ ಮಾಡುವ ಡ್ಯೂರಂ ಗೋಧಿ ಬೆಳೆಯುತ್ತಾರೆಂದು ಮಗ ಹೇಳಿದ್ದ. ನಮ್ಮ ಬನ್ಸಿ ರವೆ ಮಾಡುವುದೂ ಡ್ಯೂರಂನಿಂದಲೇ ಎಂದು ನಾನು ಹೇಳಿದ್ದೇ ತಡ, ಅವಳಿಗೆ ದ್ವೀಪದ ಮೇಲೆ ವಿಶ್ವಾಸ ಬಂತು. ಉಪ್ಪಿಟ್ಟಿಗೆ ಆಗುವಂಥದ್ದನ್ನು ಬೆಳೆಯುವ ನೆಲ ತೀರ ಪರದೇಶವಾಗಲಾರದು.

ದ್ವೀಪದ ನಡುಮಧ್ಯದಲ್ಲಿ, ಅತಿ ಎತ್ತರದ ಜಾಗದಲ್ಲಿ ಟೈಕೋನ ಅರಮನೆಯೂ ವೀಕ್ಷಣಾಲಯವೂ ಆದ ಉರಾನಿಬೊರ್ಗ್ ಇದೆ. ಇದೆ ಅಂದರೆ ಇಲ್ಲ. ಚೌಕಾಕಾರದ ಮಣ್ಣಿನ ದಿಬ್ಬ, ಒಳಗೆ ಮರುಸೃಷ್ಟಿಸಿದ ತೋಟದ ಒಂದು ಭಾಗ, ನಡುವೆ ಅರಮನೆ ಇದ್ದ ಕಡೆ ಒಂದು ತಗ್ಗು. ಅಷ್ಟೇ. ಪಕ್ಕದಲ್ಲಿ ಟೈಕೋನ ಕಲ್ಲಿನ ಪ್ರತಿಮೆ, ಮುಖ ಮೇಲಕ್ಕೆತ್ತಿ ಆಕಾಶ ನೋಡುತ್ತ ನಿಂತಿದೆ. ಕೆಳಗೆ ನೋಡಿದರೆ ಬೇಜಾರಾಗುತ್ತದೆಂದು ಗೊತ್ತಿದ್ದೇ ಶಿಲ್ಪಿ ಹಾಗೆ ಕಡೆದಿರಬೇಕು.

ಈ ಟೈಕೋ ಸಾಮಾನ್ಯ ಆಸಾಮಿಯಲ್ಲ. ಡೆನ್ಮಾರ್ಕಿನ ದೊಡ್ಡ ಮನೆತನದ ಕುಡಿ. ಇಪ್ಪತ್ತರ ವಯಸ್ಸಿನಲ್ಲಿ ಬಂಧುವೊಬ್ಬನ ಜೊತೆ ಜಗಳವಾಡಿ, ಕತ್ತಲಲ್ಲಿ ಕತ್ತಿ ಹಿರಿದು, ಮೂಗಿನ ಒಂದು ತುಂಡು ಕಳೆದುಕೊಂಡ. ಜಗಳ ಯಾರು ಹೆಚ್ಚು ಗಣಿತ ಬಲ್ಲರು ಎನ್ನುವ ವಿಷಯಕ್ಕಂತೆ. ಗಣಿತಕ್ಕಾಗಿ ಮೂಗು ಕಳೆದುಕೊಂಡವನ ಕಥೆ ಹೇಳಿದ ದಿನ ಮಾತ್ರ ನನ್ನ ಕ್ಲಾಸಿನ ಕೊನೆಯ ಬೆಂಚು ಎಚ್ಚರವಾಗಿತ್ತು. ಉಳಿದ ಆಯುಷ್ಯವಿಡೀ ಲೋಹದ ಮೂಗು ಅಂಟಿಸಿಕೊಂಡು ಓಡಾಡಿದ. ಚಿನ್ನದ್ದು, ಬೆಳ್ಳಿಯದು ಎಂದು ಜನ ಹೇಳುತ್ತಿದ್ದರು. 2010ರಲ್ಲಿ ಪ್ರಾಗ್‌ನ ಅವನ ಗೋರಿ ತೆರೆದು ಮೂಳೆ ಪರೀಕ್ಷೆ ಮಾಡಿದಾಗ ಹಿತ್ತಾಳೆ ಎಂದು ಗೊತ್ತಾಯಿತು. ದೊಡ್ಡವರ ಚಿನ್ನವೆಲ್ಲ ಕೊನೆಗೆ ಹೀಗೇ.

1576ರಲ್ಲಿ ಡೆನ್ಮಾರ್ಕಿನ ದೊರೆ ಎರಡನೇ ಫ್ರೆಡರಿಕ್ ಈ ದ್ವೀಪವನ್ನು ಅವನಿಗೆ ಬಿಟ್ಟುಕೊಟ್ಟ. ವೆನ್ ಆಗ ಡೆನ್ಮಾರ್ಕಿನದು. ಸ್ವೀಡನ್ನಿಗೆ ಬಂದದ್ದು ಟೈಕೋ ಸತ್ತು ಅರ್ಧ ಶತಮಾನ ಕಳೆದ ಮೇಲೆ. ದ್ವೀಪದ ಜೊತೆಗೆ ಅಲ್ಲಿನ ತೂನಾ ಹಳ್ಳಿಯ ರೈತರೂ ಉಂಬಳಿಯಲ್ಲಿ ಸೇರಿಹೋದರು. ಅಲ್ಲಿಯವರೆಗೆ ಯಾರ ಹಂಗೂ ಇಲ್ಲದೆ ಉತ್ತುಬಿತ್ತು ಬದುಕಿದ್ದ ಜನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಾಳೆ ಮೂಗಿನ ಧಣಿ. ಅರಮನೆ ಕಟ್ಟಬೇಕು, ಕೆರೆ ತೋಡಬೇಕು, ಮೀನು ಸಾಕಬೇಕು, ಕಾಗದದ ಗಿರಣಿಗೆ ಒಡ್ಡು ಹಾಕಬೇಕು. ರೈತರು ದೊರೆಯ ತನಕ ದೂರು ಒಯ್ದರು. ದೊರೆ ಪಂಚಾಯಿತಿ ಮಾಡಿ, ಪ್ರತಿ ಹೊಲಮನೆಯಿಂದ ವಾರಕ್ಕೆ ಎರಡು ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವತನಕ ಬಿಟ್ಟಿ ದುಡಿಮೆ ಎಂದು ಗೊತ್ತುಮಾಡಿದ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಯಾವಾಗ, ಮುಳುಗುವುದು ಯಾವಾಗ ಎಂದು ನೋಡಿದವನು ನಾನು. ಆ ರೈತರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಅರಮನೆಯಾದರೋ ಅರಮನೆಯೇ. ಆ ಕಾಲಕ್ಕೇ ಕೊಳವೆಯಲ್ಲಿ ಮಹಡಿಗೆ ನೀರು ಹತ್ತುತ್ತಿತ್ತು. ಕೆಳಗೆ ರಸವಿದ್ಯೆಯ ಒಲೆಗಳು. ಮುದ್ರಣಾಲಯ ಬೇರೆ. ಊಟದ ಮೇಜಿನ ಕೆಳಗೆ ಜೆಪ್ ಎಂಬ ಕುಳ್ಳ ಕೂತಿರುತ್ತಿದ್ದ. ಅವನಿಗೆ ಭವಿಷ್ಯ ಕಾಣುತ್ತದೆಂದು ಧಣಿಯ ನಂಬಿಕೆ. ಆಕಾಶವನ್ನು ಕೋನಮಾನಕ ಹಿಡಿದು ಅಳೆಯುವವನು ಊಟಕ್ಕೆ ಕೂತಾಗ ಮೇಜಿನ ಕೆಳಗಿನ ಮಾತು ಕೇಳುತ್ತಿದ್ದ. ಒಂದು ಸಾಕಿದ ಕಡವೆಯೂ ಇತ್ತು, ಎಲ್ಕ್ ಜಾತಿಯದು. ಅದನ್ನು ಲಾಂಡ್ಸ್‌ಕ್ರೂನಾದ ಕೋಟೆಗೆ ಕಳಿಸಿದಾಗ ಅದು ಮಹಡಿ ಹತ್ತಿ, ಸಿಕ್ಕಾಪಟ್ಟೆ ಬಿಯರ್ ಕುಡಿದು, ಮೆಟ್ಟಿಲಿಳಿಯುವಾಗ ಉರುಳಿ ಸತ್ತಿತಂತೆ. ಅತಿಥಿಗಳ ಪೈಕಿ ಬೇರೆ ಯಾರಿಗೂ ಏನೂ ಆಗಲಿಲ್ಲ.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಮಾತು ಇನ್ನೊಂದಿದೆ. ದೂರದರ್ಶಕ ಇನ್ನೂ ಹುಟ್ಟಿಲ್ಲದ ಕಾಲದಲ್ಲಿ, ಬರಿಗಣ್ಣಿಗೆ ದೊಡ್ಡ ದೊಡ್ಡ ಉಪಕರಣ ಜೋಡಿಸಿಕೊಂಡು, ರಾತ್ರಿಯ ಮೇಲೆ ರಾತ್ರಿ, ಸುಮಾರು ಇಪ್ಪತ್ತು ವರ್ಷ ಈ ಮನುಷ್ಯ ಆಕಾಶ ಅಳೆದ. 1577ರ ನವೆಂಬರಿನಲ್ಲಿ ಸಂಜೆ ಮೀನು ಹಿಡಿಯುತ್ತಿದ್ದಾಗ ಧೂಮಕೇತು ಕಂಡಿತು. ಅದು ಚಂದ್ರನಿಂದಾಚೆ ಇದೆ ಎಂದು ಅಳೆದು ತೋರಿಸಿದ. ಅದರೊಂದಿಗೆ ಆಕಾಶದಲ್ಲಿ ಯಾವುದೂ ಬದಲಾಗದು ಎಂಬ ಎರಡು ಸಾವಿರ ವರ್ಷದ ನಂಬಿಕೆ ಅಲ್ಲಾಡಿತು. ಅವನ ಉತ್ತಮ ಅಳತೆಗಳು ಒಂದು ಕಲೆಯಷ್ಟು ನಿಖರ. ಹುಣ್ಣಿಮೆ ಚಂದ್ರನನ್ನು ಮೂವತ್ತು ಸೀಳು ಮಾಡಿದರೆ ಒಂದು ಸೀಳಿನ ಅಗಲ ಎಷ್ಟೋ, ಒಂದು ಕಲೆ ಅಂದರೆ ಅಷ್ಟು. ಉರಾನಿಬೊರ್ಗಿನಲ್ಲಿ ಗಾಳಿಗೆ ಉಪಕರಣ ಅಲುಗುತ್ತದೆಂದು 1584ರ ಹೊತ್ತಿಗೆ ಪಕ್ಕದಲ್ಲೇ ನೆಲ ತೋಡಿಸಿ ಶೆರ್ನೆಬೊರ್ಗ್ ಎಂಬ ನೆಲಮಾಳಿಗೆಯ ವೀಕ್ಷಣಾಲಯ ಕಟ್ಟಿಸಿದ. ಆಕಾಶ ಸರಿಯಾಗಿ ಕಾಣಬೇಕಾದರೆ ನೆಲದೊಳಕ್ಕೆ ಇಳಿಯಬೇಕಾಯಿತು.

ಆ ಗುಂಡಿಗಳನ್ನು ಈಗಲೂ ನೋಡಬಹುದು. ವೃತ್ತಾಕಾರದ ಮೆಟ್ಟಿಲು ಸಾಲು, ಕೆಳಗೆ ಉಪಕರಣದ ಕಂಬ ಊರಿದ್ದ ಜಾಗ. ಕಟಾಂಜನ ಹಿಡಿದು ನಿಂತು ನಾನು ಹೆಂಡತಿಗೆ ಎಂಟು ಕಲೆಯ ಕಥೆ ಹೇಳಿದೆ. ಮಂಗಳ ಗ್ರಹದ ಲೆಕ್ಕ ಹಾಕುತ್ತಿದ್ದ ಕೆಪ್ಲರನಿಗೆ, ವೃತ್ತ ಎಂದುಕೊಂಡು ಹೊರಟಾಗ ಎಲ್ಲವೂ ಕೂಡಿಬಂತು, ಎಂಟು ಕಲೆಯ ವ್ಯತ್ಯಾಸವೊಂದನ್ನು ಬಿಟ್ಟು. ಬೇರೆ ಯಾರದಾದರೂ ಲೆಕ್ಕವಾಗಿದ್ದರೆ, ಹೋಗಲಿ ಬಿಡು, ನೋಡಿದವನ ಕಣ್ಣು ತಪ್ಪಿರಬೇಕು ಎನ್ನಬಹುದಿತ್ತು. ಟೈಕೋ ಎಂಟು ಕಲೆ ತಪ್ಪುವವನಲ್ಲ. ಆದ್ದರಿಂದ ವೃತ್ತವೇ ತಪ್ಪು. 1609ರಲ್ಲಿ ದೀರ್ಘವೃತ್ತದ ನಿಯಮ ಪುಸ್ತಕವಾಗಿ ಬಂತು. ನನ್ನ ಎರಡು ಮೊಳೆ, ಒಂದು ದಾರ ಹುಟ್ಟಿದ್ದು ಹೀಗೆ.

ಅವಳು ಗುಂಡಿಯನ್ನೇ ನೋಡುತ್ತಿದ್ದಳು. "ಅಲ್ಲಾ, ಇಷ್ಟು ತೋಡಿ ಮಣ್ಣೆಲ್ಲ ಎಲ್ಲಿ ಹಾಕಿದ್ರು?"

ಇಂಥ ಪ್ರಶ್ನೆ ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಆಮೇಲೆ ಯೋಚಿಸಿದರೆ, ಕೇಳಬೇಕಾದದ್ದು ಅದನ್ನೇ. ಎಂಟು ಕಲೆ ಸುಳ್ಳಲ್ಲ ಎಂಬ ಕೆಪ್ಲರನ ಧೈರ್ಯ ನಿಂತಿರುವುದು ಅಲುಗದ ಉಪಕರಣದ ಮೇಲೆ. ಉಪಕರಣ ಅಲುಗದಿದ್ದದ್ದು ಪಾಯ ಆಳವಾಗಿದ್ದದ್ದರಿಂದ. ಪಾಯ ತೋಡಿ, ಬುಟ್ಟಿಯಲ್ಲಿ ಹೊತ್ತು ಹಾಕಿದವರು ವಾರಕ್ಕೆರಡು ದಿನದ ಲೆಕ್ಕದವರು. ಮಂಗಳ ಗ್ರಹದ ದಾರಿಯಲ್ಲಿ ತೂನಾ ಹಳ್ಳಿಯವರ ಸೊಂಟನೋವೂ ಸೇರಿದೆ.

ಅವರ ಕಾಲವೂ ಬಂತು. ಫ್ರೆಡರಿಕ್ ಸತ್ತ ಮೇಲೆ ಹೊಸ ದೊರೆಗೆ ಟೈಕೋನ ಮೇಲೆ ಅಷ್ಟಕ್ಕಷ್ಟೆ. ಹಣ ಕಡಿಮೆಯಾಯಿತು, ಮುನಿಸು ಹೆಚ್ಚಾಯಿತು. 1597ರಲ್ಲಿ ಅವನು ಗಂಟುಮೂಟೆ ಕಟ್ಟಿ ದ್ವೀಪ ಬಿಟ್ಟ. 1601ರಲ್ಲಿ ಪ್ರಾಗ್‌ನಲ್ಲಿ ಸತ್ತ. ಊರಿನವರು ಗಲಾಟೆ ಮಾಡಲಿಲ್ಲ, ಪ್ರತಿಮೆ ಕೆಡವಲಿಲ್ಲ, ಘೋಷಣೆ ಕೂಗಲಿಲ್ಲ. ಅರಮನೆ ಕಳಚಿದರು, ಅದರ ಇಟ್ಟಿಗೆ ಬೇರೆ ಕಟ್ಟಡಗಳ ಗೋಡೆ ಸೇರಿತು. 1652ರಲ್ಲಿ ಫ್ರಾನ್ಸಿನ ವಿದ್ವಾಂಸ ಪಿಯೆರ್ ದಾನಿಯೆಲ್ ಯುಯೆ ಭಕ್ತಿಯಿಂದ ದ್ವೀಪಕ್ಕೆ ಬಂದು ವಿಚಾರಿಸಿದರೆ, ಒಬ್ಬ ಮುದುಕನನ್ನು ಬಿಟ್ಟು ಮಿಕ್ಕವರಿಗೆ ಟೈಕೋನ ಹೆಸರೇ ಗೊತ್ತಿರಲಿಲ್ಲವಂತೆ. ಆ ಮುದುಕನಿಗೆ ನೆನಪಿದ್ದದ್ದೂ ನಕ್ಷತ್ರವಲ್ಲ, ಧಣಿಯ ಮುಂಗೋಪ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಟೈಕೋನ ಲೆಕ್ಕವನ್ನು ಪ್ಯಾರಿಸಿನ ಲೆಕ್ಕದ ಜೊತೆ ಹೊಂದಿಸಬೇಕಾದರೆ ಅವನು ಎಲ್ಲಿ ನಿಂತು ನೋಡಿದ ಎಂಬುದು ಕರಾರುವಾಕ್ಕಾಗಿ ಗೊತ್ತಾಗಬೇಕಲ್ಲ? ಅದಕ್ಕಾಗಿ 1671ರಲ್ಲಿ ಜಾನ್ ಪಿಕಾರ್ ಎಂಬ ಖಗೋಳಜ್ಞ ಪ್ಯಾರಿಸಿನಿಂದ ವೆನ್‌ಗೆ ಬಂದ. ಆಕಾಶದ ಸಾವಿರ ನಕ್ಷತ್ರದ ವಿಳಾಸ ಬರೆದಿಟ್ಟವನ ಮನೆ ವಿಳಾಸ ಹುಡುಕಿಕೊಂಡು ಹೊಲದಲ್ಲಿ ತಡಕಾಡಿದ. ಅವನಿಗೆ ನೆರವಾದವನು ಓಲೆ ರೋಮರ್ ಎಂಬ ಡ್ಯಾನಿಶ್ ತರುಣ. ಗುರುಗ್ರಹದ ಉಪಗ್ರಹ ಅಯೋ ಮರೆಯಾಗುವ ಹೊತ್ತನ್ನು ಇಬ್ಬರೂ ಸೇರಿ ಗುರುತು ಹಾಕಿದರು. ಆ ಗ್ರಹಣಗಳ ಹಿಂದೆ ಬಿದ್ದ ರೋಮರ್ 1676ರಲ್ಲಿ, ಬೆಳಕು ಥಟ್ಟನೆ ಬಂದುಬಿಡುವುದಿಲ್ಲ, ಅದಕ್ಕೂ ಪ್ರಯಾಣದ ಹೊತ್ತು ಬೇಕು ಎಂದು ಲೋಕಕ್ಕೆ ಹೇಳಿದ. ಊರಿನವರು ಇಟ್ಟಿಗೆ ಒಯ್ದ ಮೇಲೂ ಆ ತಗ್ಗಿನಲ್ಲಿ ಇಷ್ಟು ಸತ್ವ ಉಳಿದಿತ್ತು.

ಮಧ್ಯಾಹ್ನ ಪಶ್ಚಿಮದ ಅಂಚಿಗೆ ಹೋದೆವು. ಅಲ್ಲಿ ಕಡಲ ಕಡೆ ಮುಖ ಮಾಡಿ ಸೇಂಟ್ ಇಬ್‌ನ ಹಳೆಯ ಬಿಳಿ ಚರ್ಚು, ಟೈಕೋಗಿಂತ ಮೊದಲಿನದು. ಕೆಳಗೆ ಸಣ್ಣ ಬಂದರು. ಬುತ್ತಿ ಬಿಚ್ಚಿ ಚಪಾತಿ, ಚಟ್ನಿಪುಡಿ ತಿಂದೆವು. ಬಾಕಾಫಾಲಿನ ಹುಡುಗಿಯೊಬ್ಬಳನ್ನು ನೆನೆದು ದೂರದ ಕಡಲಿನಲ್ಲಿ ರಾತ್ರಿ ಕಾವಲು ನಿಂತ ನಾವಿಕ ಹಂಬಲಿಸುವ ಹಾಡೊಂದು ಸ್ವೀಡನ್ನಿನವರಿಗೆ ಬಲು ಪರಿಚಿತ; ಬರೆದವನು ಗೇಬ್ರಿಯಲ್ ಯೋನ್ಸನ್ ಎಂಬ ಕವಿ. ಮಗನ ಸಹೋದ್ಯೋಗಿಯೊಬ್ಬಳು ಅದನ್ನು ಗುನುಗಿ ಕೇಳಿಸಿದ್ದಳು. ಮಾತು ಒಂದೂ ತಿಳಿಯದಿದ್ದರೂ ನನ್ನವಳು ಆಗ ಎದ್ದು ಅಡುಗೆಮನೆಗೆ ಹೋಗಿದ್ದಳು. ಮಗ ಊರು ಬಿಟ್ಟು ಇಷ್ಟು ದೂರ ಬಂದು ನೆಲೆಸಿದ ಮೇಲೆ ಅವಳಿಗೆ ಇಂಥ ಹಾಡುಗಳು ಆಗಿಬರುವುದಿಲ್ಲ. ದಡ ಉದುರುತ್ತಿರುವ ಊರಿನ ಮೇಲೇ ಜನಕ್ಕೆ ಹೆಚ್ಚು ಮೋಹವೋ ಏನೋ. ನಾವು ಬಿಟ್ಟುಬಂದ ಹಳ್ಳಿಯ ಮನೆಯೂ ಹಿತ್ತಿಲ ಕಡೆಯಿಂದ ಕುಸಿಯುತ್ತಿದೆ. ರಿಪೇರಿ ಮಾಡಿಸಬೇಕು ಎಂದು ಮಾತಾಡುತ್ತೇವೆ. ಮಾತಾಡಿದ ಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಅಲ್ಲಿಯೂ ಹಾಗೇ ಆಯಿತು.

"ಅವನ ಹೆಂಡತಿ?" ಎಂದಳು ಅವಳು, ಚಟ್ನಿಪುಡಿಯ ಡಬ್ಬಿ ಮುಚ್ಚುತ್ತ.

ಅವಳ ಹೆಸರು ಕಿರ್ಸ್ಟೆನ್ ಯೋರ್ಗೆನ್ಸ್‌ಡಾಟರ್. ಶ್ರೀಮಂತ ಮನೆತನದವಳಲ್ಲ. ಅಂಥವಳನ್ನು ಟೈಕೋನಂಥವನು ಶಾಸ್ತ್ರೋಕ್ತ ಮದುವೆಯಾಗುವಂತಿರಲಿಲ್ಲ. ಆದರೆ ಡೆನ್ಮಾರ್ಕಿನ ಹಳೆಯ ಕಾನೂನಿನಲ್ಲಿ ಒಂದು ದಾರಿಯಿತ್ತು: ಮೂರು ಚಳಿಗಾಲ ಗಂಡಿನ ಜೊತೆ ಎಲ್ಲರೆದುರು ಉಂಡು, ಮಲಗಿ, ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಸಾರ ನಡೆಸಿದವಳು ಹೆಂಡತಿಯೇ. ಮಕ್ಕಳಿಗೆ ಮಾತ್ರ ಅಪ್ಪನ ಕುಲದ ಪದವಿ ಇಲ್ಲ. ಅವನ ಜೊತೆ ದ್ವೀಪಕ್ಕೆ ಬಂದಳು, ಅವನ ಜೊತೆ ದ್ವೀಪ ಬಿಟ್ಟಳು, ಪ್ರಾಗ್‌ನಲ್ಲಿ ಅವನ ಪಕ್ಕದಲ್ಲೇ ಮಣ್ಣಾದಳು.

"ಜೆಪ್ಪು, ಕಡವೆ, ಶಿಷ್ಯರು, ರಾಜರು, ಇಷ್ಟೂ ಜನಕ್ಕೆ ಅಡುಗೆ ಮನೆ ಉಸ್ತುವಾರಿ ಅವಳದೇ ತಾನೇ? ಬೀಗದ ಕೈ ಅವಳ ಹತ್ರ ಇದ್ದ ಮೇಲೆ ಆ ಕಡವೆಗೆ ಬಿಯರು ಅವಳ ಉಗ್ರಾಣದಿಂದಂತೂ ಹೋಗಿರಲ್ಲ ಬಿಡಿ."

ನಾಲ್ಕೂಕಾಲು ಶತಮಾನದ ಸಂಶೋಧನೆಯಲ್ಲಿ ಈ ಅಂಶ ಯಾರಿಗೂ ಹೊಳೆದಂತಿಲ್ಲ. ಘಟನೆ ನಡೆದದ್ದು ಲಾಂಡ್ಸ್‌ಕ್ರೂನಾದಲ್ಲಿ, ಆದ್ದರಿಂದ ಕಿರ್ಸ್ಟೆನ್ ನಿರ್ದೋಷಿ.

ಸಂಜೆ ಸೈಕಲ್ಲು ಒಪ್ಪಿಸಿ ಬಂದರಿಗೆ ಇಳಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಆಮೇಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಲೋಕಕ್ಕೆಲ್ಲ ನಕ್ಷತ್ರ ಹಂಚಿದ ದ್ವೀಪದಲ್ಲಿ ನಮಗೆ ಒಂದೂ ನಕ್ಷತ್ರ ಕಾಣಲಿಲ್ಲ. ಮಗ ಇದನ್ನು ಕೇಳಿ ನಕ್ಕು, "ಚಳಿಗಾಲದಲ್ಲಿ ಬನ್ನಿ ಅಪ್ಪ, ಸಂಜೆ ನಾಲ್ಕಕ್ಕೇ ಕತ್ತಲು" ಎಂದ. ಜನವರಿಗೆ ಎಂದು ಮಾತಾಯಿತು.

ಇಲ್ಲೊಂದು ವಿಷಯ ಹೇಳಬೇಕು. ಸ್ವೀಡನ್, ಡೆನ್ಮಾರ್ಕ್‌ಗಳ ಹಳೆಯ ತಲೆಮಾರಿನವರಲ್ಲಿ ಟೈಕೋ ಬ್ರಾಹೆಯ ದಿನಗಳು ಎಂಬ ಪಟ್ಟಿಯೊಂದು ರೂಢಿಯಲ್ಲಿತ್ತು. ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ದಿನ ಕೆಟ್ಟ ದಿನ; ಮದುವೆ, ಪ್ರಯಾಣ, ಹೊಸ ಕೆಲಸ ಕೂಡದು. ಅದನ್ನು ಅವನೇ ಮಾಡಿದ್ದೆಂಬುದಕ್ಕೆ ಆಧಾರವಿಲ್ಲ. ಆಕಾಶವನ್ನು ಒಂದು ಕಲೆಯ ಮಟ್ಟಕ್ಕೆ ಅಳೆದದ್ದನ್ನು ಮರೆತ ಜನ ಅವನ ಹೆಸರನ್ನು ಉಳಿಸಿಕೊಂಡದ್ದು ರಾಹುಕಾಲದ ಖಾತೆಯಲ್ಲಿ. ಆ ಪಟ್ಟಿಯ ಕೆಟ್ಟ ದಿನಗಳು ಜನವರಿಯಲ್ಲೇ ಜಾಸ್ತಿ.

ಈ ಕಥೆಯನ್ನು ದೋಣಿಯಲ್ಲಿ ಅವಳಿಗೆ ತಮಾಷೆಗೆಂದು ಹೇಳಿದ್ದು ನಾನೇ. ಮಗ ಟಿಕೆಟ್ಟಿಗೆಂದು ಫೋನು ತೆಗೆದಾಗ ಅವಳು ತಡೆದಳು.

"ತಾಳೋ, ಮೊದಲು ಆ ಮೂಗಿನವನ ಪಟ್ಟಿ ನೋಡು. ನಿಮ್ಮಪ್ಪಂಗೆ ಬೇರೆ ಏರಿನಲ್ಲಿ ತುಳಿಯೋಕೆ ಆಗಲ್ಲ."